ಗೋಡೆಯ ಮೇಲಿನ ವಾದಕ್ಕೆ ಜವಾಬು ಯಾರದು?

ಅಧ್ಯಕ್ಷರೇ, ಮಿತ್ರರೇ,

1906 ಮತ್ತು 1910ರ ಬ್ರಿಟಿಷ್ ಚುನಾವಣೆಗಳ ಪೋಸ್ಟರುಗಳ ಪ್ರತಿಗಳನ್ನು ವಿದ್ಯಾರ್ಥಿಗಳು ಹೊರಗಿನ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಅವುಗಳ ಮುಂದೆ ನಿಂತವರು ‘ಎಷ್ಟು ಚೆನ್ನಾಗಿವೆ’ ಎನ್ನುತ್ತಿದ್ದುದು ನನ್ನ ಕಿವಿಗೂ ಬಿತ್ತು. ಚೆನ್ನಾಗಿವೆ, ಸಂದೇಹವಿಲ್ಲ, ಬಣ್ಣದ ಕಲ್ಲಚ್ಚು ಪಳಗಿದ್ದ ಕಾಲವದು. ನನ್ನ ತಕರಾರು ಆ ಮೆಚ್ಚುಗೆಯ ಬಗ್ಗೆಯೇ. ಈ ಚಿತ್ರಗಳು ವಾದ ಹೂಡಿದವು, ಅನೇಕ ಕಡೆ ಗೆದ್ದವು, ಆದರೆ ಹೂಡಿದ ವಾದಕ್ಕೆ ಜವಾಬು ಹೇಳುವ ಹೊಣೆಯಿಂದ ನುಣುಚಿಕೊಂಡವು.

ಬ್ರೆಡ್ಡಿನಿಂದಲೇ ಆರಂಭಿಸೋಣ. ಸಾಮ್ರಾಜ್ಯದ ಹೊರಗಿನಿಂದ ಬರುವ ಸರಕಿಗೆ ಸುಂಕ ಬೀಳಬೇಕೆಂದು ಕನ್ಸರ್ವೇಟಿವ್ ಪಾಳಯದ ನಾಯಕ ಜೋಸೆಫ್ ಚೇಂಬರ್ಲೇನ್ 1903ರಲ್ಲಿ ಹೊರಟಾಗ, ಮುಕ್ತ ವ್ಯಾಪಾರದ ಪರವಾಗಿದ್ದ ಲಿಬರಲ್ಲರು ಜನರ ಮುಂದಿಟ್ಟದ್ದು ಎರಡು ಬ್ರೆಡ್ಡುಗಳನ್ನು: ಇಂದಿನದು ದೊಡ್ಡದು, ಚೇಂಬರ್ಲೇನ್ ಬಂದರೆ ಸಿಗುವುದು ಚಿಕ್ಕದು. ಇದಕ್ಕೆ ಚೇಂಬರ್ಲೇನ್ ಮಾಡಿದ್ದೇನು ಗೊತ್ತೇ? ಆ ವರ್ಷದ ನವೆಂಬರ್ 4ರಂದು ಬರ್ಮಿಂಗ್‌ಹ್ಯಾಮಿನ ಬಿಂಗ್ಲಿ ಹಾಲ್‌ನಲ್ಲಿ, ಕಿಕ್ಕಿರಿದ ಸಭೆಯ ಎದುರಿಗೆ, ಎರಡು ನಿಜವಾದ ಬ್ರೆಡ್ಡುಗಳನ್ನೇ ಎತ್ತಿ ಹಿಡಿದರು. ಒಂದು ಸುಂಕವಿಲ್ಲದ ಲೆಕ್ಕದ್ದು, ಇನ್ನೊಂದು ತಾವು ಸೂಚಿಸಿದ್ದ, ಕ್ವಾರ್ಟರ್ ಎಂಬ ಅಂದಿನ ಅಳತೆಯ ಗೋಧಿಗೆ ಎರಡು ಶಿಲಿಂಗ್ ಸುಂಕದ ಲೆಕ್ಕದ್ದು. ಇವುಗಳಲ್ಲಿ ದೊಡ್ಡದು ಯಾವುದು, ಚಿಕ್ಕದು ಯಾವುದು ಎಂದು ತಮಗೇ ತಿಳಿಯಲಿಲ್ಲವೆಂದರು. ಸಭೆ ಗೊಳ್ಳೆಂದು ನಕ್ಕಿರಬೇಕು. ಲೆಕ್ಕ ಚೇಂಬರ್ಲೇನರ ಕಡೆಗಿತ್ತು. ಆದರೆ ಎದುರಾಳಿಯ ಚಿತ್ರವನ್ನು ತನ್ನ ಕೈಯಾರೆ ಎತ್ತಿ ತೋರಿಸಿದವನು ಅದನ್ನು ಅಳಿಸುವುದು ಹೇಗೆ? ಅವರು ತೋರಿಸಿದ ಅಂತರ ಬೆರಳಷ್ಟೂ ಇರಲಿಲ್ಲ, ಗೋಡೆಗಳ ಮೇಲಿನ ಅಂತರವೋ ಕುಗ್ಗಲೇ ಇಲ್ಲ. 1906ರಲ್ಲಿ ಲಿಬರಲ್ಲರಿಗೆ ಸುಮಾರು 400 ಸ್ಥಾನಗಳು ಬಂದವು, ಪ್ರಧಾನಿ ಹುದ್ದೆಯನ್ನು ಆಗಷ್ಟೇ ಬಿಟ್ಟಿದ್ದ ಕನ್ಸರ್ವೇಟಿವ್ ನಾಯಕ ಬಾಲ್ಫರ್ ಮ್ಯಾಂಚೆಸ್ಟರಿನಲ್ಲಿ ತಮ್ಮ ಕ್ಷೇತ್ರವನ್ನೇ ಕಳೆದುಕೊಂಡರು. ಬರ್ಮಿಂಗ್‌ಹ್ಯಾಮಿನ ಏಳೂ ಸ್ಥಾನಗಳು ಮಾತ್ರ ಚೇಂಬರ್ಲೇನರ ಪಾಳಯಕ್ಕೇ ಉಳಿದವು ಎಂಬುದನ್ನೂ ಹೇಳಬೇಕು. ತವರು ಊರಿನವರು ಬ್ರೆಡ್ಡನ್ನು ಹತ್ತಿರದಿಂದ ನೋಡಿದ್ದರಲ್ಲ!

ಬ್ರೆಡ್ಡಿನ ಚಿತ್ರಕ್ಕೆ ಕನಿಷ್ಠ ಒಂದು ಲೆಕ್ಕದ ಆಸರೆಯಿತ್ತು. ಅದೇ ಚುನಾವಣೆಯ ಇನ್ನೊಂದು ಚಿತ್ರದಲ್ಲಿ ಇದ್ದದ್ದು ಜಡೆ ಮತ್ತು ಸಂಕೋಲೆ. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್‌ನ ಚಿನ್ನದ ಗಣಿಗಳಿಗೆ 1904ರಿಂದ ಅರುವತ್ತು ಸಾವಿರಕ್ಕೂ ಹೆಚ್ಚು ಚೀನೀ ಕೂಲಿಗಳನ್ನು ಕರಾರಿನ ಮೇಲೆ ತಂದು, ಬೇಲಿ ಹಾಕಿದ ಆವರಣಗಳಲ್ಲಿ ಇರಿಸಲಾಗಿತ್ತು. ಅನ್ಯಾಯ ನಿಜ, ಖಂಡಿಸಿದವರಲ್ಲಿ ಪ್ರಾಮಾಣಿಕರೂ ಇದ್ದರು. ಆದರೆ ಪೋಸ್ಟರು ಕೆರಳಿಸಿದ್ದು ಕೂಲಿಯ ಮೇಲಿನ ಕನಿಕರವನ್ನಲ್ಲ. ಚುನಾವಣೆಯ ಆ ಚಳಿಗಾಲವನ್ನು ಕಣ್ಣಾರೆ ಕಂಡ ರಾಜಕೀಯ ಚಿಂತಕ ಗ್ರಹಾಂ ವಾಲಸ್ ಎರಡು ವರ್ಷಗಳ ಬಳಿಕ ಬರೆದರು: ಗೋಡೆಯ ಮೇಲಿನ ಚೀನೀಯನ ಚಿತ್ರ ಮತದಾರರಲ್ಲಿ ಆ ಮುಖದ ಮೇಲೆಯೇ ದ್ವೇಷ ಹುಟ್ಟಿಸಿತು, ಆ ದ್ವೇಷ ಹಾಗೆಯೇ ಕನ್ಸರ್ವೇಟಿವ್ ಪಕ್ಷದ ಮೇಲೆ ತಿರುಗಿತು. ಚೀನೀಯನೊಬ್ಬನ ಚಿತ್ರವನ್ನು ತೆರೆಯ ಮೇಲೆ ಮೂಡಿಸಿದರೆ ಸಾಕು, ಕಾರ್ಮಿಕರ ಸಭೆ ಬಾಲ್ಫರ್ ವಿರುದ್ಧ ಕೂಗೆಬ್ಬಿಸುವಂತಾಗಿತ್ತಂತೆ.

ಮುಂದಿನದನ್ನು ಗಮನಿಸಿ. ಲಿಬರಲ್ಲರು ಗೆದ್ದ ಕೆಲವೇ ವಾರಗಳಲ್ಲಿ, 1906ರ ಫೆಬ್ರವರಿಯಲ್ಲಿ, ವಸಾಹತು ಖಾತೆಯ ಉಪಮಂತ್ರಿಯಾಗಿದ್ದ ಯುವ ಚರ್ಚಿಲ್ ಸಂಸತ್ತಿನಲ್ಲಿ ಎದ್ದು ನಿಂತು, ಈ ಕರಾರು ಒಳ್ಳೆಯದಲ್ಲದಿರಬಹುದು, ಆದರೆ ಪೂರ್ಣಾರ್ಥದಲ್ಲಿ ಇದನ್ನು ಗುಲಾಮಗಿರಿ ಎಂದರೆ ಪರಿಭಾಷೆಯಲ್ಲಿ ತಪ್ಪಿದಂತಾಗುತ್ತದೆ ಎಂದರು. ಸದನದಲ್ಲಿ ಆಡಿದ ಮಾತಿಗೆ ಸದನದಲ್ಲೇ ಪ್ರಶ್ನೆ ಏಳುತ್ತದೆ. ಸಂಕೋಲೆ ಬರೆದ ಚಿತ್ರವನ್ನು ಯಾರು ಎಲ್ಲಿ ಎಬ್ಬಿಸಿ ನಿಲ್ಲಿಸಬೇಕು? ನನ್ನ ಹಟ ಇದೊಂದೇ, ಮತ್ತೆ ಹೇಳಿದರೆ ಬೇಸರಿಸಬೇಡಿ.

ಕಾನೂನೇ ಇರಲಿಲ್ಲವೆಂದಲ್ಲ. 1883ರ ಚುನಾವಣಾ ಅಕ್ರಮ ತಡೆ ಕಾಯಿದೆ ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕಿತ್ತು, ಪ್ರತಿ ಪೋಸ್ಟರಿನ ಮೇಲೆ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕೆಂದಿತ್ತು. ಹೊರಗೆ ಹೋಗುವಾಗ ಪೋಸ್ಟರುಗಳ ಅಂಚಿನ ಸಣ್ಣ ಅಕ್ಷರಗಳನ್ನೂ ಓದಿ. ಆದರೆ 1903ರಲ್ಲೇ ಹುಟ್ಟಿದ್ದ, ಸುಂಕದ ಪರವಾದ ಟ್ಯಾರಿಫ್ ರಿಫಾರ್ಮ್ ಲೀಗ್, ಎದುರು ಪಾಳಯದ ಫ್ರೀ ಟ್ರೇಡ್ ಯೂನಿಯನ್ ಅಭ್ಯರ್ಥಿಗಳಲ್ಲವಲ್ಲ. ಅವುಗಳ ಕಾಸು ಯಾವ ಅಭ್ಯರ್ಥಿಯ ಲೆಕ್ಕದ ಪುಸ್ತಕಕ್ಕೂ ಹತ್ತದೆ ಗೋಡೆಗೆ ಹತ್ತುತ್ತಿತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. 1909ರ ಲಾಯ್ಡ್ ಜಾರ್ಜ್ ಬಜೆಟ್, ಅದನ್ನು ತಿರಸ್ಕರಿಸಿದ ಲಾರ್ಡ್ಸ್ ಸಭೆ, 1910ರಲ್ಲಿ ಲೇಬರ್ ಪಕ್ಷಕ್ಕಾಗಿ ಸ್ಪೆನ್ಸರ್ ಪ್ರೈಸ್ ಬರೆದ ನಿರುದ್ಯೋಗಿಗಳ ಚಿತ್ರ, ಇವೆಲ್ಲವನ್ನೂ ಬಿಡಬೇಕಾಗಿದೆ. ಮತವೇ ಇಲ್ಲದವರ ಪೋಸ್ಟರನ್ನು ಮಾತ್ರ ಬಿಡಲಾರೆ. ಹೆಂಗಸರ ಮತದ ಹಕ್ಕಿಗಾಗಿ ಚಿತ್ರ ಬರೆಯುತ್ತಿದ್ದ ಆರ್ಟಿಸ್ಟ್ಸ್ ಸಫ್ರೇಜ್ ಲೀಗ್‌ನ ಚಿತ್ರವೊಂದರಲ್ಲಿ ಪದವೀಧರೆಯೊಬ್ಬಳು ಗೌನು ತೊಟ್ಟು, ಒಬ್ಬ ಕೈದಿ, ಒಬ್ಬ ಹುಚ್ಚನ ಜೊತೆ ಒಂದೇ ಆವರಣದಲ್ಲಿ ಬಂದಿಯಾಗಿದ್ದಾಳೆ. ಈ ಮೂವರಿಗೂ ಮತವಿಲ್ಲ. ಅದು ಉತ್ಪ್ರೇಕ್ಷೆಯಲ್ಲ, ಅಂದಿನ ಕಾನೂನು ಇದ್ದದ್ದೇ ಹಾಗೆ. ಕೈದಿಯ ಪಕ್ಕ ಪದವೀಧರೆಯನ್ನು ನಿಲ್ಲಿಸಿದ್ದು ಅವಮಾನವೆಂದು ಯಾರಾದರೂ ಆಕ್ಷೇಪಿಸಿದ್ದರೆ, ಅದಕ್ಕೆ ಉತ್ತರ ಹೇಳಬೇಕಾಗಿದ್ದದ್ದು ಸಂಸತ್ತು. ಸಂಸತ್ತು ಉತ್ತರ ಕೊಟ್ಟದ್ದು 1918ರಲ್ಲಿ, ಅದೂ ಮೂವತ್ತು ದಾಟಿದ, ನಿಗದಿತ ಆಸ್ತಿಯ ಅರ್ಹತೆಯಿದ್ದ ಹೆಂಗಸರಿಗೆ ಮಾತ್ರ. ಉಳಿದದ್ದನ್ನು ನಿಮ್ಮ ಪ್ರಶ್ನೆಗಳಲ್ಲಿ ಮಾತಾಡೋಣ.