ಗರ್ಭಚೀಲ ತೆಗೆಸಿದ ಮೇಲೆ ಕಾಲು ಊದಿದರೆ

ಕೇಳುಗರಿಗೆ ನಮಸ್ಕಾರ.

ನಮ್ಮ ರಾಯಚೂರು ಕಡೆ ಗರ್ಭಚೀಲ ತೆಗೆಸಿಕೊಂಡವರು ಎಷ್ಟೋ ಮನೆಗಳಲ್ಲಿ ಇದ್ದಾರೆ. ಚೀಲ ಹೋಯಿತು, ಕಾಟ ತಪ್ಪಿತು ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಹೆಚ್ಚಿನವರಿಗೆ ಅದು ನಿಜವೇ. ಇವತ್ತು ಹೇಳುವುದು ತೀರಾ ಅಪರೂಪದ ಕಾಯಿಲೆ. ಹೆದರಬೇಡಿ, ಆದರೆ ತಿಳಿದಿರಲಿ.

ಗರ್ಭಕೋಶದಲ್ಲಿ ಸಾರ್ಕೋಮ ಎಂಬ ಕ್ಯಾನ್ಸರ್ ಬರುವುದುಂಟು. ಕೆಲವರಲ್ಲಿ ಅದು ರಕ್ತನಾಳದೊಳಗೆ ನುಗ್ಗುತ್ತದೆ. ಪೈಪಿನೊಳಗೆ ಮರದ ಬೇರು ಹೊಕ್ಕು ಉದ್ದಕ್ಕೂ ಬೆಳೆಯುತ್ತದಲ್ಲ, ಹಾಗೆ. ಕಿಬ್ಬೊಟ್ಟೆಯ ನಾಳದಿಂದ ಬೆನ್ನುಮೂಳೆ ಪಕ್ಕದ ದೊಡ್ಡ ರಕ್ತನಾಳಕ್ಕೆ, ಅಲ್ಲಿಂದ ಹೃದಯದ ಬಲಭಾಗಕ್ಕೂ ಹೋಗಬಹುದು. ನಾಳ ಕಟ್ಟಿಕೊಂಡರೆ ಕಾಲಿನ ರಕ್ತ ಮೇಲೇರದೆ ಕಾಲು ಊದುತ್ತದೆ, ಹೃದಯಕ್ಕೆ ಅಡ್ಡ ಬಂದರೆ ಏದುಸಿರು, ತಲೆಸುತ್ತು ಬರುತ್ತದೆ. ಕ್ಯಾನ್ಸರ್ ಅಲ್ಲದ ಫೈಬ್ರಾಯ್ಡ್ ಗಡ್ಡೆ ಕೂಡ ಅಪರೂಪಕ್ಕೆ ಹೀಗೇ ಬೆಳೆಯುತ್ತದೆ, ಚೀಲ ತೆಗೆಸಿ ವರ್ಷಗಳಾದ ಮೇಲೂ.

ಇದರ ಆಪರೇಷನ್ ಒಬ್ಬ ಡಾಕ್ಟರ ಕೆಲಸವಲ್ಲ. ಸ್ತ್ರೀರೋಗ ಕ್ಯಾನ್ಸರ್ ಸರ್ಜನ್, ರಕ್ತನಾಳದ ಸರ್ಜನ್, ಹೃದಯದ ಸರ್ಜನ್, ಅರಿವಳಿಕೆ ಡಾಕ್ಟರು ಎಲ್ಲರೂ ಬೇಕು. ಅನ್ನನಾಳದೊಳಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡುವ ನಳಿಕೆ ಇಳಿಸಿ, ಗಡ್ಡೆಯ ತುದಿ ಎಲ್ಲಿದೆ ಅಂತ ಪರದೆಯ ಮೇಲೆ ನೋಡುತ್ತಲೇ ಇರುತ್ತಾರೆ. ಎಳೆಯುವಾಗ ಒಂದು ಚೂರು ಮುರಿದು ಶ್ವಾಸಕೋಶಕ್ಕೆ ಹೋದರೆ ಟೇಬಲ್ ಮೇಲೇ ಜೀವ ಹೋಗಬಹುದು. ಅದಕ್ಕೇ ತುದಿಗಿಂತ ಮೇಲೆ ನಾಳಕ್ಕೆ ಕ್ಲಿಪ್ ಹಾಕಿ, ಆಮೇಲೆ ನಾಳ ಸೀಳಿ ಗಡ್ಡೆ ತೆಗೆಯುತ್ತಾರೆ. ಹೃದಯ ಮುಟ್ಟಿದ್ದರೆ ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್ ಬೇಕಾಗಬಹುದು. ನಾಳದ ಗೋಡೆಗೇ ಕ್ಯಾನ್ಸರ್ ಹತ್ತಿದ್ದರೆ ಆ ಭಾಗ ಕತ್ತರಿಸಿ ಕೃತಕ ನಾಳ ಜೋಡಿಸುವುದೂ ಇದೆ. ಕಾಯಿಲೆ ಮರಳಿ ಬರಬಹುದು, ಹಾಗಾಗಿ ವರ್ಷಗಟ್ಟಲೆ ಸ್ಕ್ಯಾನ್ ತಪ್ಪಿಸುವಂತಿಲ್ಲ.

ನನಗೆ ಜಾಸ್ತಿ ಸಂಕಟ ಆಗುವುದು ಬೇರೆ ವಿಷಯಕ್ಕೆ. ಕಾಲು ಊದಿದರೆ ‘ನಾಟಿ ಹಚ್ಚಿ ಹಚ್ಚಿ ಹಿಂಗಾಗೇತಿ’ ಅಂತೀವಿ. ಏದುಸಿರು ಬಂದರೆ ರಕ್ತ ಕಡಿಮೆ ಅಂತೀವಿ. ಬಹುಪಾಲು ಅದೇ ಇರುತ್ತದೆ. ಆದರೆ ಊತ ಇಳಿಯದಿದ್ದರೆ, ಏದುಸಿರು, ತಲೆಸುತ್ತು ಬಂದರೆ ಸುಮ್ನೆ ಕೂರಬೇಡಿ ಅಕ್ಕಾ. ಎಕೋದಲ್ಲಿ ಕಾಣುವ ಗಡ್ಡೆ ನೋಡಿ ರಕ್ತ ಹೆಪ್ಪುಗಟ್ಟಿದೆ ಅಂದುಕೊಳ್ಳುವ ಸಾಧ್ಯತೆ ಇದೆ. ‘ನನ್ನ ಗರ್ಭಚೀಲ ತೆಗೆದಾರ್ರೀ’ ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಆ ಒಂದು ಮಾತಿನಿಂದ ಡಾಕ್ಟರು ಹುಡುಕುವ ದಾರಿಯೇ ಬದಲಾಗುತ್ತದೆ.

ಇನ್ನೊಂದು, ಬಯಾಪ್ಸಿ ರಿಪೋರ್ಟ್. ತೆಗೆದ ಚೀಲವನ್ನು ಲ್ಯಾಬಿಗೆ ಕಳಿಸಲೇಬೇಕು, ಕೇಳಿ ಕಳಿಸಿ. ಲ್ಯಾಬಿನವರು ಅದರ ತುಣುಕನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ ಇಡುತ್ತಾರೆ, ಬ್ಲಾಕ್ ಅಂತಾರೆ. ಮುಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೈದರಾಬಾದಿಗೋ ಹೋದರೆ ಅಲ್ಲಿನವರು ಮೊದಲು ಕೇಳುವುದರಲ್ಲಿ ಅದೂ ಒಂದು. ರಿಪೋರ್ಟ್ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಗೆ ಹೋಗಿ ಹೆಸರು, ತಾರೀಕು ಹೇಳಿ ಪ್ರತಿ ಕೇಳಿ. ಈ ವಾರವೇ ಹೋಗಿ.