ಕಂಪ್ಯೂಟರ್ ಮಾರಿ, ಡಿಸ್ಕ್ ಮಾರಬೇಡಿ

ನಮಸ್ಕಾರ. ಹಿಂದಿನ ಸಂಚಿಕೆಯ ಕೆಳಗೆ ತೀರ್ಥಹಳ್ಳಿ ಕಡೆಯ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ನಾವು ಅಡಿಕೆ ತೋಟದವರು ಸ್ವಾಮಿ, ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಏನಿದೆ? ಫಾರ್ಮ್ಯಾಟ್ ಹೊಡೆದು ಗುಜರಿಗೆ ಹಾಕಿದರಾಯಿತು." ಅದನ್ನು ಹಲವರು ಮೆಚ್ಚಿಯೂ ಇದ್ದಾರೆ. ಇವತ್ತು ಬೇರೆ ವಿಷಯ ಮಾತನಾಡಬೇಕೆಂದು ಬರೆದುಕೊಂಡಿದ್ದೆ. ಇದನ್ನು ಓದಿದ ಮೇಲೆ ಅದನ್ನು ಬದಿಗಿಟ್ಟೆ.

ಏನಿದೆ ಎಂದು ಕೇಳಿದಿರಲ್ಲ, ಕೇಳಿ. ಸೊಸೈಟಿಯ ಬೆಳೆ ಸಾಲಕ್ಕೆಂದು ಸ್ಕ್ಯಾನ್ ಮಾಡಿದ ಪಾಸ್‌ಬುಕ್ಕಿನ ಮೊದಲ ಪುಟ ಇದೆ. ಪಹಣಿ ಇದೆ, ಪ್ಯಾನ್ ಕಾರ್ಡ್ ಇದೆ, ಮಂಡಿಗೆ ಹಾಕಿದ ಅಡಿಕೆಯಲ್ಲಿ ರಾಶಿ ಇಡಿ ಎಷ್ಟು, ಬೆಟ್ಟೆ ಎಷ್ಟು ಎಂಬ ಲೆಕ್ಕ ಇದೆ. ಬ್ರೌಸರಿನಲ್ಲಿ ಉಳಿಸಿಟ್ಟ ಬ್ಯಾಂಕಿನ ಪಾಸ್‌ವರ್ಡ್ ಇದೆ. ಅಪ್ಪನ ಸಹಿ ಇದೆ, ಮಗಳ ಫೋಟೋ ಇದೆ. ನಿಮ್ಮ ಹೆಸರಿನಲ್ಲಿ ಸಾಲ ಎತ್ತಲು ಹೊರಟವನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಇದೆಲ್ಲ ಕುಳಿತಿರುವುದು ಕಂಪ್ಯೂಟರಿನೊಳಗಿನ ಹಾರ್ಡ್ ಡಿಸ್ಕಿನಲ್ಲಿ. ಅದಕ್ಕೇ ಹೇಳುತ್ತೇನೆ: ಕಂಪ್ಯೂಟರ್ ಕೊಡಿ, ಡಿಸ್ಕ್ ಕೊಡಬೇಡಿ.

ಈ ಫಾರ್ಮ್ಯಾಟ್ ಎಂಬ ಮಂತ್ರವನ್ನು ಜನ ಯಾಕಿಷ್ಟು ನಂಬುತ್ತಾರೋ! ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಒತ್ತಿದಾಗ ತೆರೆಯುವ ಪುಟ್ಟ ಚೌಕಟ್ಟನ್ನು ನೋಡಿ. ಕೆಳಗೆ "ಕ್ವಿಕ್ ಫಾರ್ಮ್ಯಾಟ್" ಎಂಬಲ್ಲಿ ಮೊದಲೇ ಗುರುತು ಬಿದ್ದಿರುತ್ತದೆ. ಅದು ಅಳಿಸುವುದು ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ. ಪಹಣಿಯಿಂದ ಹೆಸರು ಹೊಡೆದ ಮಾತ್ರಕ್ಕೆ ತೋಟ ಮಾಯವಾಗುತ್ತದೆಯೇ? ಮರಗಳು ಅಲ್ಲಿಯೇ ಇರುತ್ತವೆ. ಫೋಟೋರೆಕ್, ರೆಕುವಾ ಮೊದಲಾದ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಹತ್ತನೆಯ ತರಗತಿಯ ಹುಡುಗ ಒಂದು ಸಂಜೆ ಕುಳಿತರೆ ನಿಮ್ಮ ಕಡತಗಳನ್ನು ಮೇಲೆತ್ತಬಲ್ಲ.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಾಟ್ ಎಂಬ ಇಬ್ಬರು ವಿದ್ಯಾರ್ಥಿಗಳು 158 ಹಳೆಯ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದದ್ದು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು ಕೇವಲ 12! ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು. ಒಂದು ಡಿಸ್ಕ್ ಎಟಿಎಂ ಯಂತ್ರದ್ದು. ಎಟಿಎಂ ಯಂತ್ರದ ಡಿಸ್ಕಿನ ಗತಿಯೇ ಹೀಗಿದ್ದರೆ, ನಿಮ್ಮ ಜಗುಲಿಯ ಮೂಲೆಯ ಕಂಪ್ಯೂಟರಿನದು ಏನು?

ಇದನ್ನು ಈಗಲೇ ಯಾಕೆ ಹೇಳುತ್ತಿದ್ದೇನೆಂದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಗಳೆಲ್ಲ ಒಂದೊಂದಾಗಿ ಮನೆಯಿಂದ ಹೊರಬೀಳುತ್ತಿವೆ.

ಮನೆಯ ಕಂಪ್ಯೂಟರಿಗಿಂತ ನನ್ನ ನಿದ್ದೆ ಕೆಡಿಸುವುದು ಊರಿನ ಜೆರಾಕ್ಸ್ ಅಂಗಡಿ, ಸೈಬರ್ ಕೇಂದ್ರಗಳ ಕಂಪ್ಯೂಟರ್. ಹೊಸನಗರ, ಸಾಗರ, ಸೊರಬ ಎಲ್ಲಿಗೇ ಹೋಗಿ, ಅದರ ಡೌನ್‌ಲೋಡ್ ಫೋಲ್ಡರ್ ತೆರೆದರೆ ಇಡೀ ಊರೇ ಅದರಲ್ಲಿ ಕುಳಿತಿರುತ್ತದೆ. ಜಾತಿ ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಅಂಕಪಟ್ಟಿ, ಆಧಾರ್. ಇ-ಆಧಾರ್ ಕಡತಕ್ಕೆ ಬೀಗ ಇದೆಯಲ್ಲ ಎನ್ನುತ್ತೀರಿ. ಆ ಬೀಗದ ಕೀಲಿ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಪಕ್ಕದಲ್ಲೇ ಅಂಕಪಟ್ಟಿ ಬಿದ್ದಿದ್ದರೆ ಎರಡೂ ಅದರಲ್ಲೇ ಇವೆ! ಅಂಗಡಿಯವರೇ, ಆ ಡಿಸ್ಕಿನಲ್ಲಿರುವುದು ನಿಮ್ಮ ಸ್ವತ್ತಲ್ಲ, ನಿಮ್ಮನ್ನು ನಂಬಿ ಸರದಿಯಲ್ಲಿ ನಿಂತವರದು. ಕಂಪ್ಯೂಟರ್ ಕೊಡಿ, ಡಿಸ್ಕ್ ಕೊಡಬೇಡಿ.

ಬಿಚ್ಚುವುದು ಕಷ್ಟವೇನಲ್ಲ. ವಿದ್ಯುತ್ ತಂತಿ ಕಿತ್ತು, ಕ್ಯಾಬಿನೆಟ್ಟಿನ ಹಿಂಬದಿಯ ಎರಡು ತಿರುಪು ಸಡಿಲಿಸಿ ಪಕ್ಕದ ತಗಡನ್ನು ಹಿಂದಕ್ಕೆ ಜಾರಿಸಿ. ಅಂಗೈ ಅಗಲದ, ಭಾರವಾದ ಲೋಹದ ಪೆಟ್ಟಿಗೆಯೊಂದು ಕಾಣುತ್ತದೆ. ಅದಕ್ಕೆ ಒಂದು ಅಗಲ, ಒಂದು ಕಿರಿದು ಹೀಗೆ ಎರಡು ತಂತಿ, ಅಕ್ಕಪಕ್ಕ ನಾಲ್ಕು ತಿರುಪು. ಅಷ್ಟೇ, ಡಿಸ್ಕ್ ಕೈಗೆ ಬಂತು. ಲ್ಯಾಪ್‌ಟಾಪ್ ಬಿಚ್ಚುವ ವಿಡಿಯೊ ಬರುವ ಭಾನುವಾರ ಹಾಕುತ್ತೇನೆ. ಚಂದಾದಾರರಾಗಿ, ಗಂಟೆ ಗುರುತನ್ನು ಒತ್ತಿ, ನಿಮ್ಮೂರಿನ ಸೈಬರ್ ಅಂಗಡಿಯವರಿಗೂ ಕಳುಹಿಸಿ.

"ಡಿಸ್ಕ್ ಇಲ್ಲದಿದ್ದರೆ ವಿನಿಮಯದಲ್ಲಿ ದುಡ್ಡು ಕಡಿಮೆ ಕೊಡುತ್ತಾರೆ" ಎನ್ನುತ್ತಾರೆ ಕೆಲವರು. ಕೊಡಲಿ ಬಿಡಿ! "ಸಿಡಿಲು ಬಡಿದು ಕಂಪ್ಯೂಟರ್ ಸತ್ತಿದೆ, ಇನ್ನೇನು ಭಯ" ಎನ್ನುವವರೂ ಇದ್ದಾರೆ. ಮಲೆನಾಡಿನ ಮಳೆಗಾಲದಲ್ಲಿ ಸುಡುವುದು ಬಹಳ ಸಲ ಪವರ್ ಸಪ್ಲೈ, ಇಲ್ಲವೇ ಮದರ್‌ಬೋರ್ಡ್. ಡಿಸ್ಕನ್ನು ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ ಎದ್ದು ಮಾತನಾಡುತ್ತದೆ. "ಬಡ ಹುಡುಗನಿಗೆ ದಾನ ಕೊಡುತ್ತಿದ್ದೇನೆ" ಎಂದಿರಾ? ಸಂತೋಷ. ಹೊಸದೊಂದು ಸಣ್ಣ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕ್, ಹಾಕಿಸಿ ಕೊಡಿ, ಹಳೆಯ ಯಂತ್ರ ಚುರುಕಾಗಿಯೂ ಓಡುತ್ತದೆ. ನಿಮ್ಮ ಡಿಸ್ಕ್ ನಿಮ್ಮಲ್ಲೇ ಇರಲಿ.

ಅದೂ ಸಾಧ್ಯವಿಲ್ಲ, ಡಿಸ್ಕ್ ಸಮೇತವೇ ಕೊಡಬೇಕು ಎಂದಾದರೆ, ಮೊದಲು ಬೇಕಾದದ್ದನ್ನೆಲ್ಲ ಬೇರೆಡೆ ಉಳಿಸಿಕೊಳ್ಳಿ. ಆಮೇಲೆ ಎನ್‌ವೈಪ್‌ನಂಥ ಡಿಸ್ಕ್ ಅಳಿಸುವ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಿ, ಡಿಸ್ಕಿನ ಉದ್ದಗಲಕ್ಕೂ ಸೊನ್ನೆ ಬರೆಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಎಸ್‌ಎಸ್‌ಡಿಗೆ ಇದು ಸಾಲದು, ಮೇಲೆ ಬರೆದದ್ದು ಅದರ ಎಲ್ಲ ಕೋಶಗಳಿಗೂ ತಲುಪುವುದಿಲ್ಲ. ತಯಾರಕರೇ ಕೊಡುವ ಸೆಕ್ಯೂರ್ ಇರೇಸ್ ಎಂಬ ಪೂರ್ತಿ ಅಳಿಸುವ ಸೌಲಭ್ಯ ಬಳಸಬೇಕು. ಇಷ್ಟೆಲ್ಲ ಯಾರು ಮಾಡುತ್ತಾರೆ? ಯಾರೂ ಮಾಡುವುದಿಲ್ಲ. ಆದ್ದರಿಂದಲೇ ನಾನು ಗಂಟಲು ಹರಿದುಕೊಳ್ಳುತ್ತಿರುವುದು. ಡಿಸ್ಕ್ ಕೊಡಬೇಡಿ!

ಶಿವಮೊಗ್ಗದ ಗೋಪಿ ವೃತ್ತದಲ್ಲಿ ಧ್ವನಿವರ್ಧಕ ಕಟ್ಟಿ ಕೂಗಲೂ ನಾನು ಸಿದ್ಧ. ಅಂಗಡಿಯವನು ಪರಿಚಯದವನೇ? ಕೊಡಬೇಡಿ. ನೆಂಟನೇ? ಕೊಡಬೇಡಿ. "ನಾನೇ ಅಳಿಸಿಕೊಳ್ಳುತ್ತೇನೆ, ನೀವು ಹೊರಡಿ" ಎಂದನೇ? ಅವನಿಗಂತೂ ಕೊಡಲೇಬೇಡಿ. ಬಿಚ್ಚಿದ ಡಿಸ್ಕನ್ನು ಏನು ಮಾಡಬೇಕೆಂದು ತೋಚದಿದ್ದರೆ ಬೀರುವಿನಲ್ಲಿಡಿ, ಅದೇನು ಅನ್ನ ಕೇಳುವುದಿಲ್ಲ. ಈಗಾಗಲೇ ಕೊಟ್ಟು ಬಂದಿದ್ದರೆ ಈ ವಿಡಿಯೊ ನಿಲ್ಲಿಸಿ ಪಾಸ್‌ವರ್ಡ್‌ಗಳನ್ನು ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.