ಸ್ಪಿಂಡಲ್ ಎಷ್ಟು ಅಲುಗಾಡಬೇಕು?

ಎಲ್ಲರಿಗೂ ನಮಸ್ಕಾರ. ಇವತ್ತು ಬೋರ್ಡ್ ಬೇಡ, ಲೇತ್ ಹತ್ತಿರ ಬನ್ನಿ.

ಚಕ್‌ನಲ್ಲಿ, ಅಂದ್ರೆ ತುಂಡನ್ನು ಕಚ್ಚಿ ಹಿಡಿಯುವ ಭಾಗದಲ್ಲಿ, ಒಂದು ಉದ್ದನೆಯ ರಾಡ್ ಹಿಡಿಸಿದ್ದೇನೆ. ಚಕ್ಕನ್ನು ತಿರುಗಿಸುವ ಅಚ್ಚೇ ಸ್ಪಿಂಡಲ್. ಅದರ ಮೂತಿಯ ಮೇಲೆ ಅಲುಗಾಟ ಅಳೆಯುವ ಡಯಲ್ ಕೂರಿಸಿದ್ದೇನೆ. ರಾಡನ್ನು ಮೇಲಕ್ಕೆ ಎತ್ತುತ್ತೇನೆ, ನೋಡಿ. ಮುಳ್ಳು ಎರಡು ಗೆರೆ ಸರಿಯಿತು. ಒಂದು ಗೆರೆ ಅಂದ್ರೆ 0.01 ಮಿಲಿಮೀಟರ್. ಬೇರಿಂಗ್ ಹೋಗಿದೆಯಾ?

ಹಿಂದಿನಿಂದ ಯಾರೋ ‘ಹೋಗಿದೆ ಸಾರ್’ ಅಂದರು. ಅವಸರ ಬೇಡಪ್ಪಾ. ಇದು ಗನ್‌ಮೆಟಲ್ ಬುಶ್, ಅಂದ್ರೆ ಕಂಚಿನ ಜಾತಿಯ ಲೋಹದ ಕೊಳವೆ, ಬೇರಿಂಗ್ ಆಗಿರುವ ಹಳೇ ಲೇತ್. ತಿರುಗುವ ಸ್ಪಿಂಡಲ್ ಎಣ್ಣೆಯನ್ನು ತಾನೇ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ತೇಲೋಕೆ ಜಾಗ ಬೇಕಲ್ವಾ? ಆ ಎರಡು ಗೆರೆ ಎಣ್ಣೆಯ ಜಾಗ. ಅಮೆರಿಕದ ಹಳೇ ಸೌತ್ ಬೆಂಡ್ ಲೇತ್‌ಗಳಲ್ಲಿ ಕೆಲವಕ್ಕೆ ಬುಶ್ ಕೂಡ ಇರಲಿಲ್ಲ. ಉಕ್ಕಿನ ಸ್ಪಿಂಡಲ್ ನೇರವಾಗಿ ಬೀಡು ಕಬ್ಬಿಣದಲ್ಲೇ ತಿರುಗುತ್ತಿತ್ತು. ಎಣ್ಣೆ ತಪ್ಪದಿದ್ದರೆ ಇವು ಎಷ್ಟೋ ವರ್ಷ ಓಡುತ್ತವೆ, ಫಿನಿಶಿಂಗೂ ಚೆನ್ನಾಗಿ ಬರುತ್ತದೆ. ಆದರೆ ಸ್ಪೀಡ್ ಜಾಸ್ತಿ ಮಾಡಿದರೆ ಬೇಗ ಬಿಸಿಯಾಗುತ್ತವೆ.

ಟೇಪರ್ ರೋಲರ್, ಅಂದ್ರೆ ಒಂದು ತುದಿ ಸಣ್ಣಗಿರುವ ರೋಲರ್‌ಗಳ ಬೇರಿಂಗ್, ಇರುವ ಲೇತ್‌ನಲ್ಲಿ ಇದೇ ಎರಡು ಗೆರೆ ಬಂದರೆ ನಾನೂ ‘ಸಡಿಲ ಆಗಿದೆ’ ಅಂತಲೇ ಹೇಳುತ್ತೇನೆ. ಅಮೆರಿಕದ ಕುದುರೆಗಾಡಿ ತಯಾರಕ ಹೆನ್ರಿ ಟಿಮ್‌ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಅವರ ತಲೆಯಲ್ಲಿದ್ದದ್ದು ಕುದುರೆಗಾಡಿಯ ಚಕ್ರ! ತಿರುವಿನಲ್ಲಿ ಚಕ್ರಕ್ಕೆ ಮೇಲಿನ ಭಾರವೂ ಬೀಳುತ್ತದೆ, ಪಕ್ಕದ ತಳ್ಳಾಟವೂ ಬೀಳುತ್ತದೆ. ನಮ್ಮ ಸ್ಪಿಂಡಲ್‌ಗೂ ಅದೇ ಪಾಡು. ಇಲ್ಲಿ ಪ್ಲೇ, ಅಂದ್ರೆ ಸಡಿಲ, ಇರಲೇಬಾರದು. ನಟ್ ಬಿಗಿಸಿ ರೋಲರ್‌ಗಳನ್ನು ಸ್ವಲ್ಪ ಒತ್ತಿಯೇ ಇಡಬೇಕು. ಇದೇ ಪ್ರೀಲೋಡ್. ಇಲ್ಲದಿದ್ದರೆ ಪಾರ್ಟಿಂಗ್, ಅಂದ್ರೆ ತುಂಡನ್ನು ಕತ್ತರಿಸಿ ಬೇರೆ, ಮಾಡುವಾಗ ಟೂಲ್ ಕಿರಗುಟ್ಟುತ್ತದೆ.

ಹಾಗಂತ ಇರೋ ಬಲವನ್ನೆಲ್ಲ ಹಾಕಿ ಬಿಗಿಸಬೇಡಿ. ನಾನು ಹೊಸದರಲ್ಲಿ ಹಾಗೇ ಮಾಡಿದ್ದೆ. ಅರ್ಧ ಗಂಟೆಗೆ ಸ್ಪಿಂಡಲ್ ಕೂತಿರುವ ಹೆಡ್‌ಸ್ಟಾಕ್ ಮೇಲೆ ಕೈ ಇಡೋಕಾಗಲಿಲ್ಲ. ಸ್ಪಿಂಡಲ್ ಕಾದು ಹಿಗ್ಗಿತು, ಬೇರಿಂಗ್ ಇನ್ನೂ ಬಿಗಿಯಾಯಿತು, ಮತ್ತೂ ಕಾಯಿತು. ಆಮೇಲೆ ಮೇಸ್ತ್ರಿ ಬೈಗುಳವೂ ಬಿಸಿಬಿಸಿಯಾಗೇ ಸಿಕ್ಕಿತು. ಈಗ ಸ್ವಲ್ಪ ಬಿಗಿಸುತ್ತೇನೆ, ಓಡಿಸುತ್ತೇನೆ, ಮುಟ್ಟಿ ನೋಡುತ್ತೇನೆ, ಆಮೇಲೆ ಉಳಿದದ್ದು.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳಲ್ಲಿ ಹೆಚ್ಚಾಗಿ ಆಂಗ್ಯುಲರ್ ಕಾಂಟ್ಯಾಕ್ಟ್ ಬಾಲ್ ಬೇರಿಂಗ್‌ಗಳ ಸೆಟ್ ಇರುತ್ತದೆ. ಇದರಲ್ಲಿ ಗುಂಡುಗಳು ರಿಂಗ್‌ಗೆ ಓರೆಯಾಗಿ ತಾಗುತ್ತವೆ, ಸಾಮಾನ್ಯವಾಗಿ 15 ಅಥವಾ 25 ಡಿಗ್ರಿ ಕೋನದಲ್ಲಿ. ಎಷ್ಟು ಪ್ರೀಲೋಡ್ ಬೇಕೋ ಅಷ್ಟಕ್ಕೆ ರಿಂಗ್‌ಗಳನ್ನು ಫ್ಯಾಕ್ಟರಿಯಲ್ಲೇ ಗ್ರೈಂಡ್ ಮಾಡಿರುತ್ತಾರೆ. ಹಾಗಾಗಿ ಒಂದು ಸೆಟ್‌ನದನ್ನು ಇನ್ನೊಂದಕ್ಕೆ ಬೆರೆಸಬೇಡಿ. ಗ್ರೀಸ್ ಕೂಡ ತುಂಬಿ ತುಳುಕಿಸಬೇಡಿ, ಅದೇ ಬಿಸಿಗೆ ದಾರಿ.

ಭಾರೀ ಕಟಿಂಗ್ ಇದ್ದರೆ ಮುಂದಿನ ಕಡೆ ಎರಡು ಸಾಲಿನ ಸಿಲಿಂಡ್ರಿಕಲ್ ರೋಲರ್ ಹಾಕುತ್ತಾರೆ. ಅದರ ಒಳತೂತಿಗೆ 1:12 ಟೇಪರ್, ಅಂದ್ರೆ 12 ಮಿಲಿಮೀಟರ್ ಉದ್ದಕ್ಕೆ ವ್ಯಾಸ 1 ಮಿಲಿಮೀಟರ್ ಬದಲಾಗುತ್ತದೆ. ಸ್ಪಿಂಡಲ್‌ನ ಟೇಪರ್ ಮೇಲೆ 0.12 ಮಿಲಿಮೀಟರ್ ಮುಂದೆ ತಳ್ಳಿದರೆ ಒಳರಿಂಗ್ ಸುಮಾರು 0.01 ಹಿಗ್ಗಿ ಸಡಿಲ ಮುಚ್ಚಿಹೋಗುತ್ತದೆ. ನನಗಂತೂ ಈ ಉಪಾಯ ತುಂಬಾ ಇಷ್ಟ.

ಕಿಟಕಿ ಪಕ್ಕದ ಲೇತ್ ಟೇಪರ್ ರೋಲರ್‌ದು. ಡಯಲ್ ತಗೊಳ್ಳಿ, ಈ ಸಲ ರಾಡ್ ನೀವೇ ಎತ್ತಿ.